ಬಾಯಿಗಿಂತ ಮೊದಲು ಕೈ: ಮನೋರೋಗ ಮತ್ತು ವ್ಯಸನದ ಚಿಕಿತ್ಸೆಯಲ್ಲಿ ಕಲೆಯನ್ನು ಬಳಸುವ ಬಗೆ

ವ್ಯಸನಮುಕ್ತಿ ಕೇಂದ್ರಕ್ಕೆ ಬಂದ ಐವತ್ತರ ಆಸುಪಾಸಿನ ರೈತರೊಬ್ಬರ ಮುಂದೆ ಬಿಳಿ ಹಾಳೆಯನ್ನೂ ಬಣ್ಣದ ಪೆನ್ಸಿಲ್ಲುಗಳನ್ನೂ ಇಟ್ಟು, ಮನಸ್ಸಿನಲ್ಲಿರುವುದನ್ನು ಬಿಡಿಸಿ ಎಂದರೆ ಅವರಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಸರ, ಇದು ಸಾಲಿ ಹುಡುಗರ ಕೆಲಸರಿ, ನಮಗೆಲ್ಲಿ ಬರಬೇಕು?" ಬಾಗಲಕೋಟೆ ಜಿಲ್ಲೆಯ ಒಂದು ಕೇಂದ್ರದಲ್ಲಿ ಆಪ್ತಸಮಾಲೋಚಕನಾಗಿ ವಾರಕ್ಕೊಮ್ಮೆ ಕಲೆಯ ಗುಂಪನ್ನು ನಡೆಸುತ್ತಿರುವ ನಾನು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಅದೇ ರೈತರ ಕೈಗೆ ಒಂದು ಮುದ್ದೆ ಹದವಾದ ಎರಿಮಣ್ಣನ್ನು ಕೊಟ್ಟರೆ, ಯಾರೂ ಹೇಳಿಕೊಡದೆ, ಹತ್ತು ನಿಮಿಷದಲ್ಲಿ ಅವರ ಮುಂದೆ ಒಂದು ಎತ್ತು ಎದ್ದು ನಿಲ್ಲುತ್ತದೆ. ಅದರ ಜೊತೆಯ ಎತ್ತನ್ನು ಮಾಡುವ ಹೊತ್ತಿಗೆ ಮಾತು ತಾನಾಗಿ ಹೊರಡುತ್ತದೆ: ಸಾಲಕ್ಕಾಗಿ ಮಾರಿದ ಜೋಡಿಯ ಮಾತು, ಮಾರಿದ ದಿನ ಸಂತೆಯಿಂದ ಮನೆಗೆ ಹೋಗದೆ ಮದ್ಯದಂಗಡಿಗೆ ಹೋದ ಮಾತು.

ಮನಸ್ಸಿನ ಕಾಯಿಲೆಯಾಗಲಿ ವ್ಯಸನವಾಗಲಿ ಮೊದಲು ಕಸಿದುಕೊಳ್ಳುವುದು ಮಾತನ್ನೇ. ನಾಚಿಕೆ, ತಪ್ಪು ಮಾಡಿದೆನೆಂಬ ಕೊರಗು, ಮನೆಯವರ ಮುನಿಸು, ಊರವರ ಬಾಯಿ ಇವೆಲ್ಲದರ ನಡುವೆ ಸಿಕ್ಕವರು ಎದುರು ಕುಳಿತು ಕೇಳುವವರಿಗೆ 'ಹೂಂ', 'ಇಲ್ಲರಿ' ಎಂಬ ಎರಡೇ ಮಾತಿನಲ್ಲಿ ಉತ್ತರ ಕೊಟ್ಟು ಎದ್ದುಹೋಗುತ್ತಾರೆ. ಕಲಾಚಿಕಿತ್ಸೆಯು ಕೈಗೆ ಮೊದಲು ಕೆಲಸ ಕೊಟ್ಟು, ಕಣ್ಣು ಆ ಕೆಲಸದ ಮೇಲೆ ಇರುವಾಗ ಬಾಯಿಗೆ ಬಿಡುವು ಕೊಡುತ್ತದೆ. ಚಿತ್ರಕಾರ ಏಡ್ರಿಯನ್ ಹಿಲ್ ಇಂಗ್ಲೆಂಡಿನ ಆರೋಗ್ಯಧಾಮವೊಂದರಲ್ಲಿ ಕ್ಷಯರೋಗದಿಂದ ಚೇತರಿಸಿಕೊಳ್ಳುತ್ತಿದ್ದಾಗ ಚಿತ್ರ ಬಿಡಿಸುವುದರಿಂದ ತನಗಾದ ಪ್ರಯೋಜನವನ್ನು ಕಂಡು, 1942ರಲ್ಲಿ 'ಆರ್ಟ್ ಥೆರಪಿ' ಎಂಬ ಹೆಸರನ್ನು ಬಳಕೆಗೆ ತಂದರು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ 45 ನಿಮಿಷ ಕಲೆಯ ಕೆಲಸ ಕೊಟ್ಟು ನೋಡಿದಾಗ, ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಕಲೆಯ ಅನುಭವ ಇದ್ದವರು, ಇಲ್ಲದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. ಅವರು ಆರೋಗ್ಯವಂತರಾಗಿದ್ದರು ಮತ್ತು ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ ಎಂಬುದನ್ನು ಮರೆಯದೆ, 'ನಮಗೆ ಬರೂದಿಲ್ಲರಿ' ಎನ್ನುವವರಿಗೆ ಧೈರ್ಯ ಹೇಳುವಷ್ಟರ ಮಟ್ಟಿಗೆ ಮಾತ್ರ ನಾನು ಈ ಸಂಗತಿಯನ್ನು ಬಳಸುತ್ತೇನೆ.

ಕಲೆಗೆ ಮೊದಲು ವೈದ್ಯರು

ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಸಾಮಾನ್ಯವಾಗಿ 6ರಿಂದ 24 ತಾಸಿನೊಳಗೆ ಕೈನಡುಕ, ಬೆವರು, ವಾಕರಿಕೆ, ನಿದ್ದೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿಯಾಗಿ, ಹೊತ್ತು ಗೊತ್ತು ತಿಳಿಯದೆ, ಇಲ್ಲದ ಹುಳುಹುಪ್ಪಡಿ ಕಾಣಿಸತೊಡಗುತ್ತವೆ. ಇದು ಜೀವ ತೆಗೆಯಬಲ್ಲ ಸ್ಥಿತಿ. ಈ ದಿನಗಳಲ್ಲಿ ಬೇಕಾದದ್ದು ವೈದ್ಯರ ನಿಗಾ, ಔಷಧ ಮತ್ತು ಥಯಮಿನ್ (ಬಿ1 ಜೀವಸತ್ವ). ಬಣ್ಣ, ಹಾಡುಗಳಿಗೆ ಆಗ ಜಾಗವಿಲ್ಲ. ಬೆಳಗಾವಿಯ ಬಿಮ್ಸ್ ಆಸ್ಪತ್ರೆ, ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾಸ್ಪತ್ರೆಗಳು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವು ನಮ್ಮ ಭಾಗದವರು ಹೋಗಬಹುದಾದ ಸರಕಾರಿ ಜಾಗಗಳು. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ತಪಾಸಣೆಗೆ ವ್ಯವಸ್ಥೆ ಇದೆ. ಫೋನಿನಲ್ಲಿ ಕನ್ನಡದಲ್ಲೇ ಮಾತನಾಡಲು ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ವ್ಯಸನಕ್ಕೆಂದೇ ರಾಷ್ಟ್ರೀಯ ಸಹಾಯವಾಣಿ 14446 ಇದೆ, ಎರಡಕ್ಕೂ ಹಣವಿಲ್ಲ.

ದೇಹ ಒಂದು ಹದಕ್ಕೆ ಬಂದು, ವೈದ್ಯರು ಒಪ್ಪಿದ ಮೇಲೆ ಗುಂಪಿಗೆ ಕರೆಯಬೇಕು. ಖಿನ್ನತೆಗೆ ಅಥವಾ ಸ್ಕಿಜೋಫ್ರೇನಿಯಾಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಕಲೆಯಿಂದ ಹಗುರವೆನಿಸಿತೆಂದು ಗುಳಿಗೆ ಬಿಡಬಾರದು ಎಂಬುದನ್ನು ಪ್ರತಿ ಸಲವೂ ಹೇಳಬೇಕು. ಭ್ರಮೆ ತೀವ್ರವಾಗಿರುವವರನ್ನೂ ಉನ್ಮಾದದ ಭರದಲ್ಲಿರುವವರನ್ನೂ 'ಮನಸ್ಸಿಗೆ ಬಂದದ್ದನ್ನು ಮಾಡಿ' ಎಂದು ಬಿಟ್ಟುಬಿಡುವುದು ಸರಿಯಲ್ಲ. ಅವರಿಗೆ ಆ ಹಂತ ದಾಟುವವರೆಗೆ ಕಾಯಬೇಕು, ಇಲ್ಲವೇ ರಂಗೋಲಿಯ ಚುಕ್ಕಿ ಸೇರಿಸುವಂತಹ, ಆದಿ ಅಂತ್ಯ ಸ್ಪಷ್ಟವಾಗಿರುವ ಚಿಕ್ಕ ಕೆಲಸ ಕೊಡಬೇಕು.

ಇನ್ನೊಂದು ಮಾತು. ತರಬೇತಿ ಪಡೆದ ಕಲಾಚಿಕಿತ್ಸಕರು ನಮ್ಮ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಚಿತ್ರಕಲಾ ಶಿಕ್ಷಕರು, ಭಜನಾ ಮಂಡಳಿಯವರು, ಕೌದಿ ಹೊಲಿಯುವ ಅಕ್ಕಂದಿರು ಕೈಜೋಡಿಸಬಹುದು, ಜೋಡಿಸಬೇಕು ಕೂಡ. ಆದರೆ ಕೋಣೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರೋ ಆಪ್ತಸಮಾಲೋಚಕರೋ ಒಬ್ಬರು ಇರಲೇಬೇಕು. ಏಕೆಂದರೆ ಕೈ ತೆರೆದ ಗಾಯವನ್ನು ಮತ್ತೆ ಕಟ್ಟಲು ಬಲ್ಲವರು ಅಲ್ಲಿ ಬೇಕು.

ಕೋಣೆ ಮತ್ತು ಸಾಮಾನು

ಗುಂಪಿನಲ್ಲಿ ಆರರಿಂದ ಹತ್ತು ಜನರಿದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಮೂಲೆಯಲ್ಲಿ ಕುಳಿತವರು ಕಾಣದಂತಾಗುತ್ತಾರೆ. ವಾರದ ಅದೇ ದಿನ, ಅದೇ ಹೊತ್ತು, ಅದೇ ಜಾಗ ಇರಬೇಕು. ದಿನಚರಿ ಕುಸಿದುಬಿದ್ದ ಬದುಕಿಗೆ ಈ ನಿಯಮವೇ ಅರ್ಧ ಔಷಧ ಎಂಬುದು ನನ್ನ ಅನುಭವ. ಜಮಖಾನೆ ಹಾಸಿ ನೆಲದ ಮೇಲೆ ದುಂಡಗೆ ಕೂರಿಸುವುದು ಒಳ್ಳೆಯದು, ಮೊಣಕಾಲು ನೋವಿನವರಿಗೆ ಕುರ್ಚಿ ಇರಲಿ.

ಸಾಮಾನಿನ ವಿಷಯದಲ್ಲಿ ಎಚ್ಚರ ಬೇಕು. ಥಿನ್ನರ್, ಟರ್ಪೆಂಟೈನ್, ವೈಟ್ನರ್, ರಬ್ಬರ್ ಅಂಟು ಇವುಗಳ ವಾಸನೆಯೇ ಕೆಲವರಿಗೆ ನಶೆ. ಅವು ಕೋಣೆಯೊಳಗೆ ಬರಲೇಬಾರದು. ನೀರಿನಲ್ಲಿ ಕಲೆಸುವ ಬಣ್ಣ, ಮೇಣದ ಬಣ್ಣ, ಇದ್ದಿಲು, ಗೋದಿಹಿಟ್ಟಿನ ಅಂಟು ಸಾಕು. ಕುಡಿತ ಬಿಡಿಸಲು ಡೈಸಲ್ಫಿರಾಮ್ ಗುಳಿಗೆ ಕೊಟ್ಟಿರುವವರಿಗೆ ಸ್ಪಿರಿಟ್ಟಿನಲ್ಲಿ ಕಲೆಸಿದ ಮರದ ಪಾಲಿಶ್, ಆಲ್ಕೊಹಾಲ್ ಇರುವ ಕೈತೊಳೆಯುವ ದ್ರವ ಇವುಗಳಿಂದಲೂ ಮೈ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಬಹುದು. ಆದ್ದರಿಂದ ಕೈ ತೊಳೆಯಲು ಸಾಬೂನು ಮತ್ತು ನೀರನ್ನೇ ಇಡಬೇಕು. ಕತ್ತರಿ, ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಬೇಕು. ಬ್ಲೇಡು ಬೇಡವೇ ಬೇಡ. ಮೊದಲ ವಾರಗಳಲ್ಲಿ ಕೈ ನಡುಗುತ್ತಿರುವವರಿಗೆ, ಲಿಥಿಯಮ್ ಮೊದಲಾದ ಔಷಧಗಳಿಂದ ನಡುಕ ಬಂದವರಿಗೆ ಸೂಜಿಯನ್ನೋ ತೆಳುವಾದ ಕುಂಚವನ್ನೋ ಕೊಟ್ಟರೆ ಸೋತ ಅನುಭವವೇ ಮತ್ತೆ ಆಗುತ್ತದೆ. ಅವರಿಗೆ ಮಣ್ಣು, ದಪ್ಪ ಮೇಣದ ಬಣ್ಣ, ತಾಳ ಇವು ಒಗ್ಗುತ್ತವೆ.

ಒಂದೂವರೆ ತಾಸು ಹೇಗೆ ಸಾಗಬೇಕು

ಬಂದವರನ್ನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಒಂದರಿಂದ ಹತ್ತರವರೆಗೆ ಅಂಕ ಕೊಡಿ ಎಂದರೆ ನಮ್ಮ ಹಿರಿಯರಿಗೆ ಪರೀಕ್ಷೆ ಬರೆದಂತಾಗುತ್ತದೆ. ಅದಕ್ಕೆ ಬದಲಾಗಿ, "ಕಾಕಾ, ಕುಡೀಬೇಕು ಅನ್ನೂದು ಇವತ್ತ ಹದಿನಾರಾಣೆದಾಗ ಎಷ್ಟಾಣೆ ಐತಿ?" ಎಂದರೆ ಥಟ್ಟನೆ "ಹತ್ತಾಣೆ ಐತಿ ನೋಡ್ರಿ" ಎನ್ನುತ್ತಾರೆ. ಅದನ್ನು ಬರೆದಿಟ್ಟುಕೊಂಡು, ಮುಗಿಯುವಾಗ ಮತ್ತೆ ಕೇಳಬೇಕು. ತುಡಿತವೆಂಬುದು ಏರಿದಂತೆ ಇಳಿಯುತ್ತದೆ, ಬಹಳ ಸಲ ಅರ್ಧ ತಾಸಿನೊಳಗೇ ಇಳಿಯುತ್ತದೆ, ಅಷ್ಟು ಹೊತ್ತು ಕೈ ಕೆಲಸದಲ್ಲಿದ್ದರೆ ಕುಡಿಯದೆಯೂ ಅದನ್ನು ದಾಟಬಹುದು ಎಂಬುದನ್ನು ಉಪನ್ಯಾಸ ಕೊಟ್ಟು ನಂಬಿಸಲಾಗದು. ತಮ್ಮದೇ ಹತ್ತಾಣೆ ನಾಲ್ಕಾಣೆಗೆ ಇಳಿದದ್ದನ್ನು ಕಂಡವರು ನಂಬುತ್ತಾರೆ. ಇಳಿಯದಿದ್ದರೆ, ಏರಿದರೆ, ಅದೂ ತಿಳಿಯಬೇಕಾದ ಸಂಗತಿಯೇ. ಅಂಥವರನ್ನು ಒಂಟಿಯಾಗಿ ಕಳಿಸದೆ ಮಾತನಾಡಿಸಬೇಕು.

ಹತ್ತು ನಿಮಿಷ ಮೈಕೈ ಸಡಿಲಿಸುವುದು, ನಲವತ್ತು ನಿಮಿಷ ಕೆಲಸ, ಉಳಿದ ಹೊತ್ತು ಮಾಡಿದ್ದನ್ನು ನಡುವೆ ಇಟ್ಟು ನೋಡುವುದು. ಕಷ್ಟವಿರುವುದು ಈ ನೋಡುವುದರಲ್ಲಿಯೇ. ಆರಂಭದ ದಿನಗಳಲ್ಲಿ ನಾನು ಒಬ್ಬರ ಚಿತ್ರವನ್ನು ಎತ್ತಿ ಹಿಡಿದು "ಎಷ್ಟು ಚಂದ ಬಂದೈತಿ ನೋಡ್ರಿ" ಎಂದೆ. ಮುಂದಿನ ವಾರ ಮೂವರು ಹಾಳೆಯನ್ನು ಮುಟ್ಟಲಿಲ್ಲ. ಹೊಗಳಿಸಿಕೊಂಡವರು ಅದೇ ಗುಡ್ಡ, ಅದೇ ಸೂರ್ಯನನ್ನು ಮತ್ತೆ ಬಿಡಿಸಿದರು. ಅಂದಿನಿಂದ ಚಂದ, ಚಂದವಿಲ್ಲ ಎಂಬ ಮಾತನ್ನು ಗುಂಪಿನಿಂದ ಹೊರಗಿಟ್ಟಿದ್ದೇನೆ. ಅರ್ಥ ಹಚ್ಚುವುದೂ ಅಷ್ಟೇ ಅಪಾಯದ್ದು. ಕಪ್ಪು ಬಳಿದವರೆಲ್ಲ ದುಃಖಿಗಳಲ್ಲ. ಕೈಗೆ ಹತ್ತಿರವಿದ್ದ ಬಣ್ಣ ಅದೊಂದೇ ಆಗಿರಬಹುದು. "ಇದ್ಯಾಕ ಕಪ್ಪು ಹಚ್ಚೀರಿ?" ಎಂದು ಕೇಳಿದರೆ ಅದು ಪೊಲೀಸರ ವಿಚಾರಣೆಯಂತೆ ಕೇಳಿಸುತ್ತದೆ. "ಇದರಾಗ ಏನೇನ ಐತಿ, ಹೇಳ್ರಿ", "ಇಲ್ಲಿ ನೀವು ಎಲ್ಲಿ ನಿಂತೀರಿ?", "ಇನ್ನೊಂದೀಟು ಜಾಗ ಇದ್ದಿದ್ರ ಏನ್ ಬಿಡಸ್ತಿದ್ರಿ?" ಎಂದು ಕೇಳಿದರೆ ಬಾಗಿಲು ತೆರೆಯುತ್ತದೆ. ಮಾಡಿದವರು ಹೇಳಿದ್ದೇ ಅದರ ಅರ್ಥ; ಹೇಳದೆ ಮಡಚಿಟ್ಟುಕೊಂಡರೆ ಅದಕ್ಕೂ ಅವರಿಗೆ ಹಕ್ಕಿದೆ.

ಮಣ್ಣು, ಬಟ್ಟೆ

ಕಾರ ಹುಣ್ಣಿಮೆಯ ನಂತರದ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮತ್ತು ಗ್ವಾದಲಿ (ಮೇವಿನ ತೊಟ್ಟಿ) ಮಾಡಿದ ಕೈಗಳು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿದ ಕೈಗಳು ನಮ್ಮಲ್ಲಿ ಮನೆಮನೆಗೂ ಇವೆ. ಹೊಸದನ್ನು ಕಲಿಸುವ ಗೋಜಿಲ್ಲದಿರುವುದರಿಂದಲೇ ನಾನು ಮಣ್ಣಿನಿಂದ ಶುರುಮಾಡುತ್ತೇನೆ. ಹೊಲದ ಎರಿಮಣ್ಣು ಒಣಗಿದಾಗ ಬಿರಿಯುತ್ತದೆ. ಕುಂಬಾರರಿಂದ ತಂದ ಮಣ್ಣು ಒಳ್ಳೆಯದು, ಕುಂಬಾರಿಕೆಗೆ ಹೆಸರಾದ ಖಾನಾಪುರದ ಕಡೆಯವರಿಗೆ ಅದು ಹತ್ತಿರದಲ್ಲೇ ಸಿಗುತ್ತದೆ. ಮೊದಲ ದಿನ ಏನನ್ನೂ ಮಾಡಿಸದೆ ಮಣ್ಣನ್ನು ನಾದಲು, ಗುದ್ದಲು, ಹಿಸುಕಲು ಬಿಡಬೇಕು. ಎರಡನೆಯ ವಾರ 'ನಮ್ಮ ಮನಿ' ಎಂದು ಹೇಳಿ, ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆಂದು ಮಣ್ಣಿನ ಉಂಡೆಗಳನ್ನು ಇಡಲು ಹೇಳಬಹುದು. ಒಬ್ಬರು ಹೆಂಡತಿ ಮಕ್ಕಳ ಉಂಡೆಗಳನ್ನು ಒಲೆಯ ಹತ್ತಿರ ಇಟ್ಟು, ತಮ್ಮದನ್ನು ಹೊಸ್ತಿಲ ಹೊರಗೆ ಇಟ್ಟು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದರು. ನಾನು ಏನೂ ಕೇಳಲಿಲ್ಲ. ಏಳುವ ಮುನ್ನ ಅವರೇ ಅದನ್ನು ಎತ್ತಿ ಹೊಸ್ತಿಲ ಮೇಲೆ ಇಟ್ಟರು. ಮಣ್ಣಿನ ಗುಣವೇ ಅದು, ಇಟ್ಟದ್ದನ್ನು ತೆಗೆದು ಬೇರೆಡೆ ಇಡಬಹುದು, ಮುರಿದದ್ದನ್ನು ನೆನೆಸಿ ಮತ್ತೆ ಕಟ್ಟಬಹುದು.

ಬಟ್ಟೆಯ ಕೆಲಸ ನಿಧಾನದ್ದು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ನಿಧಾನವೇ ಅದರ ಬಲ. ಕೌದಿಗೆ ಬೇಕಾದದ್ದು ಹಳೆಯ ಸೀರೆ, ಧೋತರ, ಅಂಗಿಯ ಚೂರುಗಳು. ಪ್ರತಿಯೊಬ್ಬರೂ ಮನೆಯಿಂದ ಒಂದು ಚೂರು ತರಿಸಿಕೊಂಡು, ಅದು ಯಾರ ಬಟ್ಟೆ, ಯಾವ ದಿನದ್ದು ಎಂದು ಹೇಳಲು ಮನಸ್ಸಾದರೆ ಹೇಳಿ, ಎಲ್ಲವನ್ನೂ ಸೇರಿಸಿ ಒಂದೇ ಕೌದಿಯಾಗಿ ಹೊಲಿಯಬಹುದು. ಕುಡುಕರ ಮನೆಯ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಗುಂಪು ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾನು ಕಂಡಿಲ್ಲ. ಸೂಜಿ ಓಡುತ್ತಿರುವಾಗ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ, ಕಣ್ಣೀರು ಬಂದರೆ ತಲೆ ತಗ್ಗಿಸಿಯೇ ಇರುತ್ತದೆ. ಆದರೆ ತೀರಿಹೋದವರ ಬಟ್ಟೆ ಬಂದಾಗ ಅವಸರ ಮಾಡಬಾರದು; ಅದನ್ನು ಕತ್ತರಿಸುವುದೋ ಬೇಡವೋ ಎಂಬುದನ್ನು ತಂದವರೇ ನಿರ್ಧರಿಸಲಿ. ಕೈನಡುಕ ನಿಂತವರಿಗೆ ಕಸೂತಿಯೂ ಆಗುತ್ತದೆ. ಗಾವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳೂ ಬಟ್ಟೆಯ ಎಳೆ ಎಣಿಸಿ ಹಾಕುವಂಥವು, ಗಂಟು ಹಾಕುವಂತಿಲ್ಲ; ಆತಂಕದಿಂದ ಓಡುವ ಮನಸ್ಸು ಎಣಿಕೆಯಲ್ಲಿ ತಂಗುತ್ತದೆ.

ಹಾಡು, ವಾದ, ವೇಷ

ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ 2022ರಲ್ಲಿ ಪ್ರಕಟವಾದ ಕೊಕ್ರೇನ್ ಪರಾಮರ್ಶೆಯು, ಸಾಮಾನ್ಯ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯನ್ನು ಸೇರಿಸಿದಾಗ ವ್ಯಸನಿಗಳಲ್ಲಿ ತುಡಿತ ಕಡಿಮೆಯಾಗುವುದೆಂದೂ ಚಿಕಿತ್ಸೆಯತ್ತ ಒಲವು ಹೆಚ್ಚುವುದೆಂದೂ ಹೇಳಿದೆ. ಖಿನ್ನತೆ, ಆತಂಕಗಳ ಮೇಲೆ ಅಂಥ ಸ್ಪಷ್ಟ ಪರಿಣಾಮ ಅದರಲ್ಲಿ ಕಂಡಿಲ್ಲ. ಹಾಡಿನಲ್ಲಿ ಒಂದು ಮುಳ್ಳೂ ಇದೆ. ಯಾವ ಹಾಡನ್ನು ಕೇಳುತ್ತ ಕುಡಿಯುತ್ತಿದ್ದರೋ ಆ ಹಾಡು ಶುರುವಾದೊಡನೆ ಬಾಯಲ್ಲಿ ನೀರೂರುತ್ತದೆ. ಆದ್ದರಿಂದ ಮೊದಲ ಸಭೆಯಲ್ಲಿಯೇ ಪ್ರತಿಯೊಬ್ಬರಿಂದಲೂ ಎರಡು ಪಟ್ಟಿ ಮಾಡಿಸಬೇಕು: ಅಂಗಡಿಯ ಕಡೆ ಎಳೆಯುವ ಹಾಡುಗಳು, ಮನೆಯ ಕಡೆ ಎಳೆಯುವ ಹಾಡುಗಳು. ಅವ್ವ ಬೀಸುವಾಗ ಹೇಳುತ್ತಿದ್ದ ಪದ, ಕಣದಲ್ಲಿ ಕೇಳಿದ ಹಂತಿಯ ಪದ, ಶ್ರಾವಣದ ಭಜನೆ ಎರಡನೆಯ ಪಟ್ಟಿಯಲ್ಲಿ ಹೆಚ್ಚಾಗಿ ಬರುತ್ತವೆ. ಮಾತೇ ಬೇಡವೆನ್ನುವವರಿಗೆ ಕರಡಿ ಮಜಲು ವಾದ್ಯಮೇಳದ ತಾಳದಂತೆ ಒಂದೇ ಗತ್ತನ್ನು ಎಲ್ಲರೂ ಸೇರಿ ಬಾರಿಸುವುದು ಸಾಕು.

ಗೀಗೀ ಪದದ ಕಟ್ಟು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಒಬ್ಬರು ತಮ್ಮ ಬದುಕಿನ ಒಂದು ಸಾಲನ್ನು ಹೇಳಿದರೆ ಉಳಿದವರು 'ಗೀಯ ಗೀಯ' ಎಂದು ಎತ್ತಿಕೊಳ್ಳುತ್ತಾರೆ. ಸೋಲಿನ ಸಾಲು ಹೇಳಿದವರ ಬೆನ್ನಿಗೂ ಹಿಮ್ಮೇಳ ನಿಂತಿರುತ್ತದೆ. ಇದರಿಂದ ಮುಂದಕ್ಕೆ, ಎರಡು ಮೇಳಗಳು ಎದುರುಬದುರಾಗಿ ಹಾಡಿನಲ್ಲೇ ವಾದಿಸುವ ಹರದೇಶಿ ನಾಗೇಶಿಯ ಪದ್ಧತಿಯನ್ನೂ ನಾವು ಬಳಸಿದ್ದೇವೆ. ಒಂದು ಮೇಳ ಕುಡಿತದ ಪರವಾಗಿ, ಇನ್ನೊಂದು ಬಿಡುವುದರ ಪರವಾಗಿ ನಿಂತು ವಾದ ಹೂಡುತ್ತದೆ. ಕುಡಿತದ ಪರ ಏನೂ ಇಲ್ಲವೆಂದು ನಟಿಸುವುದಕ್ಕಿಂತ, ಮೈನೋವು ಮರೆಸಿತು, ಗೆಳೆಯರನ್ನು ಕೊಟ್ಟಿತು, ನಿದ್ದೆ ತಂದಿತು ಎಂಬುದನ್ನು ಬಾಯಿಬಿಟ್ಟು ಆಡಿದಾಗಲೇ ಅದಕ್ಕೆ ಉತ್ತರ ಹುಡುಕಲು ಸಾಧ್ಯ. ಆದರೆ ಕೊನೆಯ ಸುತ್ತನ್ನು ಯಾವಾಗಲೂ ಬಿಡುವ ಮೇಳಕ್ಕೇ ಕೊಡಬೇಕು, ಮೊದಲ ಸುತ್ತಿನಲ್ಲಿ ಕುಡಿತದ ಪರ ವಾದಿಸಿದವರನ್ನೇ ಆ ಕಡೆಗೆ ಕೂರಿಸಬೇಕು. ಏಕೆಂದರೆ ತನ್ನ ಬಾಯಿಂದ ಬಂದ ಮಾತಿನ ಕಡೆಗೆ ಮನಸ್ಸು ವಾಲುತ್ತದೆ.

ವೇಷ ಕಟ್ಟುವುದನ್ನು ಬಿಡುಗಡೆಗೆ ಹತ್ತಿರವಾದವರಿಗೆ ಇಟ್ಟುಕೊಳ್ಳಬೇಕು. ಮದುವೆಯ ಮನೆ, ಜಾತ್ರೆ, ಕಬ್ಬಿನ ಹಣ ಕೈಗೆ ಬಂದ ದಿನ ಇವು ಜಾರುವ ಜಾಗಗಳು. "ಒಂದ ಪೆಗ್ ಅಷ್ಟ, ನನ್ನ ಮ್ಯಾಲ ಆಣಿ" ಎಂದು ಭಾವಮೈದುನ ಕೈ ಹಿಡಿದಾಗ ಏನು ಹೇಳಬೇಕೆಂಬುದನ್ನು ಹತ್ತು ಸಲ ಆಡಿ ನೋಡಿದವರಿಗೆ ಆ ಗಳಿಗೆಯಲ್ಲಿ ಮಾತು ಸಿಗುತ್ತದೆ. ಆಟ ಮುಗಿದ ಮೇಲೆ ಹೊದ್ದ ಶಾಲನ್ನು ಕೆಳಗಿಟ್ಟು, ತಮ್ಮ ಹೆಸರು, ಊರು ಹೇಳಿ ಪಾತ್ರದಿಂದ ಹೊರಬರುವುದನ್ನು ತಪ್ಪಿಸಬಾರದು.

ಬರವಣಿಗೆ

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಕೊರೆಯುವ ಸಂಗತಿಯನ್ನು ಬರೆದಿದ್ದರು. ಇದೇ ಕ್ರಮವನ್ನು ಇಲ್ಲಿಯೂ ಅನುಸರಿಸಬಹುದು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜವೆಂದು ಮೊದಲೇ ತಿಳಿಸಬೇಕು. ತೀರ ಇತ್ತೀಚಿನ ಆಘಾತವನ್ನು ಕೆದಕಿಸಬಾರದು. ಓದುಬರಹ ಇಲ್ಲದವರು ಮೊಬೈಲಿನಲ್ಲಿ ಮಾತನಾಡಿ ದಾಖಲಿಸಿಕೊಳ್ಳಬಹುದು. ಕೇಳಿದ ಮೇಲೆ ಅಳಿಸುವುದೂ ಅವರ ಇಷ್ಟ.

ಚಿತ್ರದಲ್ಲೋ ಬರಹದಲ್ಲೋ ಹಗ್ಗ, ಬಾವಿ, ಔಷಧದ ಬಾಟಲಿ, 'ಇನ್ನು ಸಾಕು' ಎಂಬ ಮಾತು ಕಂಡರೆ ಊಹಿಸುತ್ತ ಕೂರದೆ, ಪಕ್ಕಕ್ಕೆ ಕರೆದು, ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತಿಳಿಸಬೇಕು, ಮನೆಯಲ್ಲಿರುವ ಬೆಳೆಯ ಔಷಧಗಳನ್ನು ಬೇರೆಡೆ ಸಾಗಿಸಲು ಮನೆಯವರಿಗೆ ಹೇಳಬೇಕು.

ಗುಟ್ಟು ಕಾಯುವುದು ಮತ್ತು ಮನೆಗೆ ಹೋದ ಮೇಲೆ

ಚಂದದ ಚಿತ್ರ ಬಂದಿತೆಂದು ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕುವುದು, ದಾನಿಗಳು ಬಂದಾಗ ಗೋಡೆಗೆ ತೂಗುಹಾಕಿ ಮಾಡಿದವರನ್ನು ನಿಲ್ಲಿಸಿ ತೋರಿಸುವುದು ನನಗೆ ಬಹಳ ನೋವು ತರುವ ಸಂಗತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ; ಒಪ್ಪಿಗೆಯಿಲ್ಲದೆ ಚಿಕಿತ್ಸೆಯಲ್ಲಿರುವವರ ಫೋಟೊವನ್ನಾಗಲಿ ಮಾಹಿತಿಯನ್ನಾಗಲಿ ಮಾಧ್ಯಮಗಳಿಗೆ ಕೊಡುವಂತಿಲ್ಲ. ಪ್ರತಿಯೊಬ್ಬರ ಕೆಲಸವನ್ನು ಹೆಸರಿಲ್ಲದ, ಗುರುತಿನ ಅಂಕಿಯಿರುವ ಚೀಲದಲ್ಲಿ ಬೀಗದೊಳಗೆ ಇಟ್ಟು, ಬಿಡುಗಡೆಯ ದಿನ ಅವರ ಕೈಗೇ ಕೊಡಬೇಕು. ಒಯ್ಯುವುದು, ಹರಿಯುವುದು, ಹೊಳೆಗೆ ಬಿಡುವುದು ಅವರ ತೀರ್ಮಾನ.

ಚೀಲದ ಜೊತೆಗೆ ಮನೆಗೆಂದು ಒಂದು ಸಣ್ಣ ಗಂಟನ್ನೂ ಕಟ್ಟಿಕೊಡುತ್ತೇವೆ: ಅವರ ಕೈಗೆ ಒಗ್ಗಿದ ಮಣ್ಣೋ ಬಟ್ಟೆಯ ಚೂರೋ, ಮನೆಯ ಕಡೆ ಎಳೆಯುವ ಹಾಡುಗಳ ಪಟ್ಟಿ, ಆಣೆ ಬರೆದಿಡಲು ಒಂದು ನೋಟ್‌ಬುಕ್ಕು, 14416 ಎಂದು ದೊಡ್ಡದಾಗಿ ಬರೆದ ಚೀಟಿ. ದಿನವೂ ಕುಡಿಯಲು ಹೊರಡುತ್ತಿದ್ದ ಹೊತ್ತಿಗೆ, ಬಹಳ ಜನರಿಗೆ ಅದು ದೀಪ ಹಚ್ಚುವ ಹೊತ್ತು, ಈ ಗಂಟನ್ನು ಬಿಚ್ಚಬೇಕು. ಮನೆಯವರಿಗೆ ಹೇಳುವುದು ಇಷ್ಟೇ: ಆ ಅರ್ಧ ತಾಸು ಅವರನ್ನು ಕೆಲಸಕ್ಕೆ ಕರೆಯಬೇಡಿ, ಮಾಡಿದ್ದನ್ನು ನೋಡಿ ನಗಬೇಡಿ, ಹೊಗಳಲೂ ಬೇಡಿ, ಪಕ್ಕದಲ್ಲಿ ಕುಳಿತು ನಿಮ್ಮ ಕೈಗೂ ಒಂದು ಚೂರು ತೆಗೆದುಕೊಳ್ಳಿ. ಒಂದು ದಿನ ಜಾರಿ ಕುಡಿದರೂ ಗಂಟನ್ನು ಎಸೆಯದೆ ಮರುದಿನ ಅದೇ ಹೊತ್ತಿಗೆ ಬಿಚ್ಚಬೇಕು, ಆ ವಾರದ ಗುಂಪಿಗೆ ಎಂದಿನಂತೆ ಬರಬೇಕು. ಅವರ ಜಾಗದಲ್ಲಿ ನಾವು ಬೇರೆಯವರನ್ನು ಕೂರಿಸುವುದಿಲ್ಲ.